ಉತ್ತರಕ್ಕೆ ಬಿಟ್ಟ ಜಾಗ

ನಮ್ಮ ಆರ್ಕೆಸ್ಟ್ರಾದ ಮದುವೆ ಹಾಡಿನಲ್ಲಿ ಮೂರು ಕಡೆ ಖಾಲಿ ಜಾಗ ಬಿಟ್ಟಿದ್ದೇವೆ. ಹಾಡು ಕೊಂಕಣಿಯಲ್ಲಿ ಶುರುವಾಗುತ್ತದೆ, ಚರ್ಚಿನ ಕ್ವಾಯರ್‌ನ ಹಾಗೆ ನಿಧಾನದ ಹಾರ್ಮನಿಯಲ್ಲಿ. ಆಮೇಲೆ ಬ್ಯಾರಿ ಮುಸ್ಲಿಮರ ದಫ್ಫಿನ ಬಡಿತ ಕೆಳಗಿನಿಂದ ಎದ್ದು ಬಂದು ಅದನ್ನು ಹೆಗಲಿಗೇರಿಸಿಕೊಳ್ಳುತ್ತದೆ. ಪಿಟೀಲು ರಾಗ ಹಿಡಿಯುತ್ತದೆ. ಅಲ್ಲಿಂದ ತುಳು ಸಾಲು: ಮದುಮಗಳ ಹೆಸರು ಹಿಡಿದು “ಓಲುಲ್ಲ?”, ಅಂದರೆ ಎಲ್ಲಿದ್ದೀ ಎಂದು ಕರೆಯುವುದು. ಪ್ರತಿ ಕರೆಯ ನಂತರ ವಾದ್ಯಗಳೆಲ್ಲ ಒಮ್ಮೆಲೇ ನಿಲ್ಲುತ್ತವೆ. ಆ ಜಾಗದಲ್ಲಿ ಮದುಮಗಳು “ಮುಲ್ಪ ಉಲ್ಲೆ”, ಇಲ್ಲಿದ್ದೇನೆ ಎನ್ನಬೇಕು.

ಆರ್ಕೆಸ್ಟ್ರಾ ಎಂದರೆ ದೊಡ್ಡ ಕಲ್ಪನೆ ಬೇಡ, ನಾವು ಐದೇ ಜನ. ಕಾನ್ವೆಂಟಿನಲ್ಲಿ ಮ್ಯೂಸಿಕ್ ಕಲಿಸಿ ರಿಟೈರ್ ಆದ ನಾನು ಕೀಬೋರ್ಡಿಗೆ ಮತ್ತು ಮುಖ್ಯ ಸ್ವರಕ್ಕೆ. ಕಾಪುವಿನ ಸಾಹೇಬರು ದಫ್ಫಿಗೆ. ಉಡುಪಿಯ ಅರ್ಚಕರ ಮನೆತನದ ಒಬ್ಬರು ಪಿಟೀಲಿಗೆ. ಮಣಿಪಾಲದಲ್ಲಿ ಲೆಕ್ಚರರ್ ಆಗಿರುವ ಯುವಕನೊಬ್ಬ ಗಿಟಾರಿಗೆ. ಮತ್ತೆ ಪರ್ಕಳದಿಂದ ಬರುವ ಲ್ಯಾಬ್ ಟೆಕ್ನೀಷಿಯನ್ ಹುಡುಗಿ, ಎರಡನೆಯ ಸ್ವರಕ್ಕೆ. ನಮ್ಮ ಹಾಡುಗಳು ಫೋನುಗಳಲ್ಲಿ ಊರೆಲ್ಲ ಸುತ್ತುತ್ತಿರುವಾಗ ಜನರಿಗೆ ಹಿಡಿಸಿದ್ದು ಈ ಮದುವೆ ಹಾಡು. “ನಮ್ಮ ಮಗಳ ಹೆಸರು ಹಾಕಿ ಮಾಡಿಕೊಡಿ” ಎಂದು ಕೇಳುವವರು ಹೆಚ್ಚಾದರು.

ಹಾಗೆ ಕೇಳಿದಾಗ ನಮ್ಮದೊಂದು ಕ್ರಮ ಉಂಟು. ಮಣಿಪಾಲದ ಸ್ಟುಡಿಯೋದಲ್ಲಿ ಐವರೂ ಒಂದೇ ಕೋಣೆಯಲ್ಲಿ ಕುಳಿತು, ಕಿವಿಗೆ ತಾಳ ಹಿಡಿಸುವ ಮೆಟ್ರೊನೋಮ್ ಹಾಕಿಕೊಳ್ಳದೆ, ಒಬ್ಬರ ಮುಖ ಒಬ್ಬರು ನೋಡುತ್ತಾ ಲೈವ್ ಆಗಿ ನುಡಿಸುತ್ತೇವೆ. ಹೆಸರು ಕರೆಯುವುದು ನಾನು. ಮದುಮಗಳು ಬಂದು ಉತ್ತರ ಹೇಳುವವರೆಗೆ ಆ ಜಾಗಕ್ಕೆ ಪರ್ಕಳದ ಹುಡುಗಿಯೇ ಗೈಡ್ ಆಗಿ “ಮುಲ್ಪ ಉಲ್ಲೆ” ಅನ್ನುತ್ತಾಳೆ. ಸುಮ್ಮನೆ ಅನ್ನುವುದಿಲ್ಲ, ನಾಚಿ, ನಕ್ಕು, ಒಂದು ಸಲ ಬಳೆ ಆಡಿಸಿ. ಆಮೇಲೊಂದು ಶನಿವಾರ ನಿಜವಾದ ಮದುಮಗಳು ಗೆಳತಿಯರ ಜೊತೆ ಬಂದು ಮೈಕಿಗೆ ಬಾಯಿ ಕೊಡುತ್ತಾಳೆ. ಅವಳ ಸ್ವರದ ಅಡಿಯಲ್ಲಿ ನಮ್ಮ ಹುಡುಗಿಯ ಸ್ವರ ಮುಳುಗಿಹೋಗುತ್ತದೆ. ಇಷ್ಟು ಚೆಂದದ ಕ್ರಮದಲ್ಲಿ ಏನಾದರೂ ಎಡವಟ್ಟಾಗಬಹುದೆಂದು ನಾವ್ಯಾರೂ ಯೋಚಿಸಿರಲಿಲ್ಲ.

ಜೂನ್‌ನಲ್ಲಿ ಕಾರ್ಕಳದಿಂದ ಒಬ್ಬ ತಾಯಿ ಫೋನ್ ಮಾಡಿದರು.

“ಟೀಚರೇ, ನಿಮ್ಮ ಹಾಡನ್ನು ನಮ್ಮ ಸಂಬಂಧಿಕರ ಮದುವೆಯಲ್ಲಿ ಕೇಳಿದೆ. ಹೆಸರು ಹಿಡಿದು ಕರೀತೀರಲ್ಲ, ಅದು. ನನ್ನ ಮಗಳಿಗೂ ಒಂದು ಮಾಡಿಕೊಡ್ತೀರಾ?”

“ವಿತ್ ಪ್ಲೆಷರ್. ಮದುವೆ ಯಾವಾಗ?”

“ಜುಲೈ ಕೊನೆಗೆ. ಕಾಪುವಿನಲ್ಲಿ, ಹುಡುಗನ ಮನೆಯಲ್ಲಿ.”

“ಹಾಗಾದರೆ ಮಗಳನ್ನು ಒಂದು ಶನಿವಾರ ಕಳುಹಿಸಿ. ಎರಡು ಶಬ್ದ ಹೇಳಲಿಕ್ಕೆ ಉಂಟು, ಅಷ್ಟೆ.”

“ಅವಳು ಬರುವುದಿಲ್ಲ ಟೀಚರೇ. ನೀವು ಹಾಡಿ. ನಾನು ಬಂದು ಕೇಳ್ತೇನೆ.”

ಹುಡುಗಿ ದುಬೈಯಲ್ಲೋ ಮಸ್ಕತ್‌ನಲ್ಲೋ ಇರಬೇಕು ಅಂದುಕೊಂಡೆ. ವಾಟ್ಸಾಪಿನಲ್ಲಿ ವಾಯ್ಸ್ ಕಳುಹಿಸಿದರೂ ಸಾಕೆಂದೆ. ಆ ಕಡೆಯಿಂದ ಮಾತು ಬರಲಿಲ್ಲ. ಲೈನ್ ಕಟ್ಟಾಯಿತೆಂದುಕೊಂಡು ನಾನೂ ಇಟ್ಟೆ.

ರಿಹರ್ಸಲ್ಲಿನಲ್ಲಿ ತಾರೀಕು ಹೇಳಿದಾಗ ದಫ್ಫಿನವರು ತಲೆಯೆತ್ತಿ ಪರ್ಕಳದ ಹುಡುಗಿಯ ಕಡೆ ನೋಡಿದರು. “ಜುಲೈ ಕೊನೆ ಅಂದರೆ ಆಟಿ ತಿಂಗಳಲ್ವಾ? ನಿಮ್ಮವರು ಆಟಿಯಲ್ಲಿ ಮದುವೆ ಮಾಡುವುದಿಲ್ಲ ಅಂತ ನನಗೂ ಗೊತ್ತುಂಟು.”

“ಗಲ್ಫಿನವರಿಗೆ ಎಂತ ಆಟಿ ಮಾರಾಯ್ರೇ,” ಎಂದಳು ಪರ್ಕಳದ ಹುಡುಗಿ. “ರಜೆ ಸಿಕ್ಕಿದಾಗ ಮುಹೂರ್ತ. ನಮ್ಮ ಪಕ್ಕದ ಮನೆಯವರದ್ದು ವಿಮಾನದ ಟಿಕೆಟ್ ನೋಡಿಯೇ ನಿಶ್ಚಯ ಆದದ್ದು.”

“ನಿನ್ನದು ಯಾವಾಗ ನಿಶ್ಚಯ?”

“ನನ್ನನ್ನು ಒಂದು ಮನೆಯವರು ಬಂದು ನೋಡಿ ಹೋಗಿದ್ದಾರೆ. ಅಮ್ಮ ದಿನಾ ದೇವರಿಗೆ ಕೈ ಮುಗೀತಾ ಇದ್ದಾರೆ. ನೀವು ಕಣ್ಣು ಹಾಕಬೇಡಿ.”

ಎಲ್ಲರೂ ನಕ್ಕೆವು. ಕ್ರಿಶ್ಚಿಯನ್ ಮನೆಯಲ್ಲಿ ಬೆಳೆದು ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಬದುಕಿದ ನನಗೆ ತುಳುವರ ಆಟಿ ಎಂದರೆ ಮಳೆಗಾಲದ ನಡುವೆ ಪತ್ರೊಡೆ ಸಿಗುವ ತಿಂಗಳು, ಮತ್ತೇನಲ್ಲ.

ರೆಕಾರ್ಡಿಂಗ್ ಅಷ್ಟು ಚೆನ್ನಾಗಿ ಎಂದೂ ಆಗಿರಲಿಲ್ಲ. ಮದುಮಗಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮೂರೇ ಅಕ್ಷರದ, ಬಾಯಿ ತುಂಬುವ ಹೆಸರು, ನನ್ನ ಆಲ್ಟೋ ಸ್ವರಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ನಾನು ಕರೆದೆ. ಹುಡುಗಿ ಎಂದಿಗಿಂತ ಹೆಚ್ಚೇ ನಕ್ಕು ಉತ್ತರ ಕೊಟ್ಟಳು. ಮೂರನೆಯ ಕರೆಗಂತೂ ಮದುವೆ ನಿಶ್ಚಯವಾದವಳ ಹಾಗೆ, “ಮುಲ್ಪ ಉಲ್ಲೆ, ಮುಲ್ಪ ಉಲ್ಲೆ” ಎಂದು ಎರಡೆರಡು ಸಲ. ಗಾಜಿನ ಆಚೆಯಿಂದ ಸ್ಟುಡಿಯೋದ ಸೌಂಡ್ ಇಂಜಿನಿಯರ್ ಹೆಬ್ಬೆರಳು ಎತ್ತಿ ತೋರಿಸಿದ.

ಕೇಳಿಸುವ ದಿನ ಆ ತಾಯಿ ಕಾರ್ಕಳದ ಬಸ್ಸಿನಲ್ಲಿ ಒಬ್ಬರೇ ಬಂದರು. ಅರವತ್ತರ ಹತ್ತಿರದವರು, ಇಸ್ತ್ರಿ ಮಾಡಿದ ಕಾಟನ್ ಸೀರೆ, ಕೊಡೆಯನ್ನು ಹೊರಗೇ ಮಡಚಿಟ್ಟು ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕುಳಿತರು. ಪಿಟೀಲಿನವರು ಬಿಟ್ಟರೆ ಉಳಿದವರೆಲ್ಲ ಇದ್ದೆವು. ಇಂಜಿನಿಯರ್ ಸ್ಪೀಕರಿನಲ್ಲಿ ಹಾಕಿದ.

ಮೊದಲ ಕರೆ ಬಂದಾಗ ಅವರು ಕಣ್ಣು ಮುಚ್ಚಿದರು. ಉತ್ತರ ಬಂದದ್ದೇ ತಡ, ಎದ್ದು ನಿಂತರು.

“ಯಾರು? ಯಾರು ಓಗೊಟ್ಟದ್ದು?”

“ನಾನೇ ಆಂಟಿ,” ಎಂದಳು ಹುಡುಗಿ, ಖುಷಿಯಿಂದ. “ಗೈಡ್ ಅಷ್ಟೆ. ನಿಮ್ಮ ಮಗಳ ವಾಯ್ಸ್ ಬಂದ ಮೇಲೆ ನನ್ನದು ಕೇಳುವುದಿಲ್ಲ.”

“ನಿನಗೆ ಮದುವೆ ಆಗಿದೆಯಾ ಮಗಾ?”

“ಇಲ್ಲ.”

“ಅಳಿಸಿ.” ಅವರು ಇಂಜಿನಿಯರನ ಕಡೆ ತಿರುಗಿದರು. “ಈಗಲೇ ಅಳಿಸಿ. ದಮ್ಮಯ್ಯ.”

ಹಾಡು ಇನ್ನೂ ನಡೆಯುತ್ತಿತ್ತು. ಎರಡನೆಯ ಕರೆ, ಮತ್ತೆ ಆ ನಗು. ಇಂಜಿನಿಯರ್ ಗಾಬರಿಯಲ್ಲಿ ನಿಲ್ಲಿಸಿದ. ಆಮೇಲೆ ಆ ತಾಯಿ ಹೇಳಿದ್ದನ್ನು ನಾನು ಕೇಳಿದೆನೇ ಹೊರತು ತಕ್ಷಣಕ್ಕೆ ಅದು ತಲೆಯೊಳಗೆ ಇಳಿಯಲಿಲ್ಲ. ಮಗಳು ಮೂರು ತಿಂಗಳಿನ ಶಿಶುವಾಗಿದ್ದಾಗಲೇ ಜ್ವರದಲ್ಲಿ ಹೋಗಿದ್ದಾಳೆ. ಇದ್ದಿದ್ದರೆ ಈಗ ಮೂವತ್ತರ ಪ್ರಾಯ. ಕಾಪುವಿನ ಹುಡುಗನೂ ಹಾಗೆಯೇ, ಎಳವೆಯಲ್ಲಿ ತೀರಿಕೊಂಡವನು. ಇದು ಕುಲೆ ಮದುವೆ, ಪ್ರೇತಗಳ ಮದುವೆ. ಮದುವೆಯಾಗದೆ ಹೋದವರು ಕುಲೆಗಳಾಗಿ ಮನೆಯವರ ಜೊತೆಗೇ ಬೆಳೆಯುತ್ತಾರೆ, ಪ್ರಾಯ ಬಂದಾಗ ಅವರಿಗೂ ಜಾತಿ, ಗೋತ್ರದಂಥ ಬಳಿ ನೋಡಿ ಸಂಬಂಧ ಹುಡುಕಿ ಧಾರೆ ಎರೆಯಬೇಕು ಎಂಬುದು ಇಲ್ಲಿಯ ನಂಬಿಕೆ. ಅದಕ್ಕೆ ಆಟಿ ತಿಂಗಳೇ ಸರಿ. ಮಕ್ಕಳು ಮತ್ತು ಮದುವೆಯಾಗದವರು ಅದನ್ನು ನೋಡಬಾರದು.

ಚಿಕ್ಕಂದಿನಲ್ಲಿ ನಮ್ಮ ಮನೆಗೆ ಭತ್ತ ಕುಟ್ಟಲು ಬರುತ್ತಿದ್ದ ಹೆಂಗಸಿನ ಬಾಯಲ್ಲಿ ಇದನ್ನು ಕೇಳಿದ್ದೆ. ಕತೆ ಅಂದುಕೊಂಡಿದ್ದೆ. ಈಗ ಅದೇ ಕತೆಯ ಮದುವೆಗೆ ಧಾರೆ ಸೀರೆಯ ಬಣ್ಣ ಆರಿಸಿ ಬಂದ ತಾಯಿಯೊಬ್ಬರು, ಏಸಿ ಕೋಣೆಯಲ್ಲಿ, ಹೆಡ್‌ಫೋನುಗಳ ನಡುವೆ ನಿಂತು ಅಳುತ್ತಿದ್ದಾರೆ. ನನ್ನ ಕೈ ಕೀಬೋರ್ಡಿನ ಮೇಲೆ ಇತ್ತು. ಯಾವುದೋ ಸ್ವರಗಳು ಒತ್ತಿಹೋದವು. ಎಲ್ಲರೂ ಬೆಚ್ಚಿದರು, ನಾನೂ.

“ಮೊದಲೇ ಹೇಳಬಹುದಿತ್ತಲ್ಲ,” ಎಂದೆ.

“ಹೇಳಿದ್ದರೆ ನೀವು ಹಾಡ್ತಿದ್ದಿರಾ ಟೀಚರೇ?”

ಅವರು ಸೀರೆಯ ಸೆರಗಿನಿಂದ ಮುಖ ಒರೆಸಿಕೊಂಡರು. “ಬಟ್ಟೆ ಇಡ್ತೇವೆ, ಹೂ ಇಡ್ತೇವೆ, ಎಲೆ ಹಾಕಿ ಬಡಿಸ್ತೇವೆ. ಎಲ್ಲ ಉಂಟು. ಆದರೆ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಹೆಸರಿಟ್ಟು ಎರಡು ತಿಂಗಳು ಕರೆದಿದ್ದೆವೋ ಇಲ್ಲವೋ. ಆಮೇಲೆ ಮನೆಯಲ್ಲಿ ಆ ಹೆಸರು ಎತ್ತಬಾರದು ಅಂತಾಯಿತು. ಒಂದು ದಿನ, ಅವಳ ಮದುವೆಯ ದಿನವಾದರೂ, ಯಾರಾದರೂ ಗಟ್ಟಿಯಾಗಿ ಕರೀಲಿ ಅಂತ ನನಗೆ. ಓಗೊಡುವವರು ಬೇಡ. ಜೀವ ಇರುವವರು ಓಗೊಡಬಾರದು.”

ನಮ್ಮ ಹುಡುಗಿ ಗೋಡೆಗೆ ಆತುಕೊಂಡು ನಿಂತಿದ್ದಳು. “ನಾನು ಇದನ್ನೆಲ್ಲ ನಂಬುವುದಿಲ್ಲ,” ಎಂದಳು. ಸ್ವಲ್ಪ ತಡೆದು, “ಟೀಚರ್, ನನ್ನ ಕೈ ನೋಡಿ,” ಎಂದಳು. ಮುಟ್ಟಿ ನೋಡಿದೆ. ಮಂಜುಗಡ್ಡೆ.

ಅಳಿಸುವುದು ಸುಲಭ ಎಂದುಕೊಂಡಿದ್ದೆವು. ಇಂಜಿನಿಯರ್ ಹುಡುಗಿಯ ಟ್ರ್ಯಾಕನ್ನು ಮ್ಯೂಟ್ ಮಾಡಿ ಹಾಕಿದ. ನಾನು ಕರೆದೆ, ಖಾಲಿ ಜಾಗ ಬಂತು, ಆ ಜಾಗದೊಳಗಿನಿಂದ, ಸಣ್ಣಗೆ, ದೂರದಿಂದ, “ಮುಲ್ಪ ಉಲ್ಲೆ.”

ಹುಡುಗಿ ಕಿರುಚಿಬಿಟ್ಟಳು.

“ಸ್ಪಿಲ್, ಸ್ಪಿಲ್!” ಎಂದ ಇಂಜಿನಿಯರ್, ತಾನೇ ಬಿಳುಚಿಕೊಂಡು. “ಭೂತ ಅಲ್ಲ ಮಾರಾಯ್ರೇ. ಎಲ್ಲರೂ ಒಂದೇ ಕೋಣೆಯಲ್ಲಿ ಕೂತದ್ದಲ್ವಾ? ಇವಳ ಸ್ವರ ಎಲ್ಲ ಮೈಕಿನೊಳಗೂ ಚೆಲ್ಲಿದೆ.”

ಒಂದೊಂದೇ ಟ್ರ್ಯಾಕನ್ನು ಬೇರೆಬೇರೆಯಾಗಿ ತೆಗೆದು ಕೇಳಿದೆವು. ಪಿಟೀಲಿನ ಮೈಕಿನಲ್ಲಿ ಅವಳು ಇದ್ದಳು. ದಫ್ಫಿನ ಮೈಕಿನಲ್ಲಿ ಇದ್ದಳು. ಗಿಟಾರಿನಲ್ಲಿ ಬಳೆಯ ಸದ್ದು ಸಮೇತ. ನನ್ನ ಮೈಕಿನಲ್ಲಿ ನನ್ನ ಉಸಿರಿನ ಪಕ್ಕದಲ್ಲೇ. ಮದುಮಗಳ ಸ್ವರ ಮೇಲೆ ಬಂದು ಕುಳಿತಾಗ ಇದು ಯಾವತ್ತೂ ಕೇಳಿರಲಿಲ್ಲ; ಮುಚ್ಚಲಿಕ್ಕೆ ಮದುಮಗಳು ಇಲ್ಲದಾಗ ಕೇಳಿತು. ಇಂಜಿನಿಯರ್ ಅದನ್ನು ಒರೆಸುವ ಸಾಫ್ಟ್‌ವೇರ್ ಹಾಕಿದ. ಮಾತು ಹೋಯಿತು, ಅದರ ನೆರಳು ಉಳಿಯಿತು: ಬಾವಿಯ ತಳದಿಂದ ಯಾರೋ ಬಾಯಿ ಆಡಿಸಿದ ಹಾಗೆ. ಅದು ಮೊದಲಿಗಿಂತ ಭಯಂಕರ. ಆ ಜಾಗಗಳನ್ನೇ ಕತ್ತರಿಸಿ ಅಂಟಿಸಿದ. ದಫ್ಫಿನ ಅನುರಣನ ಕುತ್ತಿಗೆ ಕೊಯ್ದಂತೆ ನಿಂತಿತು, ತಾಳ ಎಡವಿತು.

ಗಿಟಾರಿನವನಿಗೆ ಸಿಟ್ಟು ಬಂತು. “ಇದು ಟೂ ಮಚ್. ಸೂಪರ್‌ಸ್ಟಿಷನ್‌ಗೆ ಇಷ್ಟು ಕೆಲಸವಾ? ಹಾಗೇ ಕೊಟ್ಟುಬಿಡಿ.”

“ಕೊಡುವ,” ಎಂದರು ದಫ್ಫಿನವರು. “ಇವಳ ಉತ್ತರ ತೆಗೆದು ನಿನ್ನದು ಹಾಕುವ. ನೀನೂ ಮದುವೆಯಾಗದವನೇ. ಹೇಳ್ತೀಯಾ?”

ಅವನು ಕುರ್ಚಿ ಹಿಂದಕ್ಕೆ ಎಳೆದುಕೊಂಡ. ಮೈಕಿನ ಕಡೆ ಹೋಗಲಿಲ್ಲ.

ಕಾನ್ವೆಂಟಿನ ನನ್‌ಗಳು ಕಲಿಸಿದ್ದೆಲ್ಲ ನನಗೆ ನೆನಪಿತ್ತು. ಅವರ ಬಾಯಲ್ಲಿ ಇದಕ್ಕೆ “ಹೀದನ್ ನಾನ್ಸೆನ್ಸ್”, ಕ್ರಿಸ್ತನನ್ನು ಅರಿಯದವರ ಅಸಂಬದ್ಧ, ಎಂಬ ಎರಡೇ ಶಬ್ದ. ಆದರೆ ನವೆಂಬರ್‌ನಲ್ಲಿ ಸತ್ತವರ ಹೆಸರು ಹೇಳಿ ಮೇಣದಬತ್ತಿ ಹಚ್ಚುವವಳು ನಾನೂ ಹೌದು. ಈ ತಾಯಿ ಕೇಳಿದ್ದು ಅದಕ್ಕಿಂತ ಹೆಚ್ಚೇನು? ಒಂದು ಹೆಸರು, ಗಟ್ಟಿಯಾಗಿ. ಅದನ್ನು ಕೊಡುವುದಾದರೆ ನಮ್ಮ ಹುಡುಗಿಯ ನಗುವಿನ ಒಂದು ಚೂರೂ ಅದರಲ್ಲಿ ಉಳಿಯಬಾರದು. ಅರ್ಧಂಬರ್ಧ ಒರೆಸಿದ ಹಾಡು ಇಬ್ಬರಿಗೂ ಬೇಡ.

“ಇಡೀ ಸೆಷನ್ ಡಿಲೀಟ್ ಮಾಡಿ,” ಎಂದೆ. “ಬ್ಯಾಕಪ್ ಕೂಡ. ಮೊದಲಿನಿಂದ ಹಾಡುವ. ನಾನು ಮತ್ತು ದಫ್ಫು, ಇಬ್ಬರೇ.”

ಅಷ್ಟು ಒಳ್ಳೆಯ ಟೇಕ್ ನಮಗೆ ಮತ್ತೆ ಸಿಗಲಿಕ್ಕಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಹುಡುಗಿ ಬಂದು ತಾನೇ ಆ ಕೀ ಒತ್ತಿದಳು. ಒತ್ತಿ, “ಇನ್ನೊಂದು ಕಡೆ ಇಲ್ಲ ಅಲ್ವಾ? ನಿಜ ಹೇಳಿ,” ಎಂದು ಇಂಜಿನಿಯರನನ್ನು ಮತ್ತೆ ಮತ್ತೆ ಕೇಳಿದಳು.

ಆಗ ದಫ್ಫಿನವರು ಗಡ್ಡ ಕೆರೆದುಕೊಳ್ಳುತ್ತಾ ಹೇಳಿದರು: “ಟೀಚರೇ, ಬೇಜಾರು ಮಾಡಬೇಡಿ. ನನಗೆ ಮದುವೆ ಆಗಿದೆ, ಮೊಮ್ಮಕ್ಕಳಿದ್ದಾರೆ. ನಿಮಗೆ?”

ಗುಡ್ ಗ್ರೇಶಿಯಸ್! ನನಗೆ ಅದು ಹೊಳೆದೇ ಇರಲಿಲ್ಲ. ಬೇರೆ ಯಾರಿಗೂ ಹೊಳೆದಿರಲಿಲ್ಲ. ಎಪ್ಪತ್ತು ದಾಟಿದವಳನ್ನು ಮದುವೆಯಾಗದ ಹುಡುಗಿಯರ ಸಾಲಿನಲ್ಲಿ ಯಾರು ನಿಲ್ಲಿಸುತ್ತಾರೆ? ಆದರೆ ನಿಯಮ ಎಂದರೆ ನಿಯಮ. ಆ ತಾಯಿಯೇ ಹುಡುಗನ ಮನೆಯ ಹಿರಿಯರಿಗೆ ಕಾಪುವಿಗೆ ಫೋನ್ ಹಚ್ಚಿ, ವಿಷಯ ಹೇಳಿ, ಸ್ಪೀಕರಿನಲ್ಲಿಟ್ಟರು.

“ಬಾಯಮ್ಮ, ನಿಮಗೆ ಮದುವೆ ಆಗಿಲ್ವಾ?” ಎಂದರು ಆ ಹಿರಿಯರು, ಊರಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ.

“ಇಲ್ಲ.”

“ನಿಶ್ಚಯ ಆಗಿ ತಪ್ಪಿದ್ದಾ?”

ಎಂಥ ಪ್ರಶ್ನೆ! ಐವತ್ತು ವರ್ಷದಿಂದ ನನ್ನನ್ನು ಯಾರೂ ಇದನ್ನು ಕೇಳಿರಲಿಲ್ಲ. ನಾಲ್ಕು ಜನರ ಎದುರು, ಅದೂ ಫೋನಿನಲ್ಲಿ. “ಅಂಥದ್ದೇನೂ ಇಲ್ಲ,” ಎಂದೆ. ನನ್ನ ಕಿವಿ ಬಿಸಿಯಾಗಿದ್ದು ನನಗೇ ಗೊತ್ತಾಯಿತು. ಗಿಟಾರಿನವನು ಸೀಲಿಂಗ್ ನೋಡುತ್ತಿದ್ದ.

ಹಿರಿಯರು ಆ ಕಡೆ ಯಾರನ್ನೋ ವಿಚಾರಿಸಿ ಬಂದು ಹೇಳಿದರು: “ಮದುವೆಯಾಗದವರು ನೋಡಬಾರದು ಅಂತ ಹಿರಿಯರು ಹೇಳಿದ್ದುಂಟು. ಅವರ ಸ್ವರ ಬರಬಾರದು ಅಂತ ಹೇಳಿಲ್ಲ. ಆಗ ರೆಕಾರ್ಡಿಂಗ್ ಇರಲಿಲ್ಲವಲ್ಲ, ಹೇಳುವುದು ಹೇಗೆ? ಒಂದು ಕೆಲಸ ಮಾಡುವ. ಸ್ವರ ಬರಲಿ. ನೀವು ಬರಬೇಡಿ.”

ಮತ್ತೊಂದು ದಿನ ಕುಳಿತೆವು. ಈ ಸಲ ಒಂದೇ ಕೋಣೆ ಅಲ್ಲ. ದಫ್ಫು ಒಳಗೆ, ನಾನು ಗಾಜಿನ ಗೂಡಿನಲ್ಲಿ. ಮಳೆ ತಗಡಿಗೆ ಬಡಿಯುತ್ತಿತ್ತು, ನಿಂತಾಗಲೆಲ್ಲ ಒಂದೊಂದು ಟೇಕ್. ಕೊಂಕಣಿ ಸಾಲುಗಳನ್ನು ಹಾರ್ಮನಿ ಇಲ್ಲದೆ ಒಬ್ಬಳೇ ಹಾಡಿದೆ. ಅದು ಹೇಗೋ ಸಾಗಿತು. ಎಡವಿದ್ದು ಕರೆಯಲ್ಲಿ. ಕೆಣಕುವ ದನಿಯಲ್ಲಿ ಕರೆದು ಅಭ್ಯಾಸ. ಈಗ ಕೆಣಕಲು ಬಾಯಿ ಬರುವುದಿಲ್ಲ, ಅಳುದನಿ ಮಾಡಿದರೆ ಮದುವೆ ಹಾಡು ಸಾವಿನ ಹಾಡಾಗುತ್ತದೆ. ಜೊತೆಗೆ ಇಂಜಿನಿಯರನ ದೂರು: “ಟೀಚರ್, ಗ್ಯಾಪ್ ಕಡಿಮೆ ಆಯಿತು. ಮತ್ತೆ ಕಡಿಮೆ ಆಯಿತು.” ಉತ್ತರ ಬರುವುದಿಲ್ಲವೆಂದು ಗೊತ್ತಿದ್ದವಳಿಗೆ ಕಾಯಲು ಆಗುತ್ತಿರಲಿಲ್ಲ. ಓಡಿ ಮುಂದಿನ ಸಾಲಿಗೆ ಹೋಗಿಬಿಡುತ್ತಿದ್ದೆ.

ಪಿಟೀಲಿನವರು ಫೋನಿನಲ್ಲಿ ಒಂದು ದಾರಿ ಹೇಳಿದರು. ತಾನು ಬರುವುದಿಲ್ಲ, ಮನೆಯಲ್ಲಿ ಒಪ್ಪುವುದಿಲ್ಲ, ಆದರೆ ಹಳೆಯ ಹಾಡಿನಿಂದ ಪಿಟೀಲಿನ ಒಂದು ತುಣುಕು ತೆಗೆದು ಆ ಜಾಗಕ್ಕೆ ತುಂಬಿಸಬಹುದು. ಇಂಜಿನಿಯರನಿಗೆ ಅದು ಸರಿ ಕಂಡಿತು. ತಾಯಿ ಆ ದಿನವೂ ಬಂದು ಮೂಲೆಯಲ್ಲಿ ಕುಳಿತಿದ್ದರು. ಅವರ ಮುಖ ನೋಡಿ ನಾನೇ ಬೇಡವೆಂದೆ. ಅಲ್ಲಿಗೆ ಏನನ್ನು ತುಂಬಿದರೂ ಅದು ಇನ್ನೊಬ್ಬರ ಉತ್ತರ.

ಆಮೇಲೆ ಕರೆಯುವ ಬಗೆ ಸಿಕ್ಕಿತು. ಜೀವಮಾನವಿಡೀ ನಾನು ಕ್ಲಾಸಿನಲ್ಲಿ ಅಟೆಂಡೆನ್ಸ್ ಕರೆದವಳು. ಹೆಸರು ಕರೆಯುತ್ತೇವೆ, “ಪ್ರೆಸೆಂಟ್ ಮಿಸ್” ಬಾರದಿದ್ದರೆ ತಲೆಯೆತ್ತಿ ಆ ಬೆಂಚನ್ನು ಒಮ್ಮೆ ನೋಡುತ್ತೇವೆ. ಸಿಟ್ಟಿಲ್ಲ, ಅಳುವಿಲ್ಲ. ನೋಡುವಷ್ಟು ಹೊತ್ತು ಕಾಯುತ್ತೇವೆ, ಅಷ್ಟೆ. ಹಾಗೆ ಕರೆದೆ. ತಲೆಯೆತ್ತಿದೆ. ಗಾಜಿನ ಆಚೆ ಆ ತಾಯಿ ಕಂಡರು. ನೋಡಿದೆ. ಮತ್ತೆ ಕರೆದೆ. ಇಂಜಿನಿಯರ್ ಈ ಸಲ ಗ್ಯಾಪಿನ ಮಾತೇ ಎತ್ತಲಿಲ್ಲ.

ಇನ್ನೂ ಒಂದು ಕೆಲಸ ಉಳಿದಿತ್ತು. ರೆಕಾರ್ಡಿಂಗಿನಲ್ಲಿ ಪೂರ್ತಿ ಮೌನ ಇಟ್ಟರೆ ಸ್ಪೀಕರ್ ಕೆಟ್ಟಿತೆಂದು ಜನ ವಯರು ಅಲುಗಿಸುತ್ತಾರಂತೆ. ಅದಕ್ಕೆ ಖಾಲಿ ಕೋಣೆಯದ್ದೇ ಸದ್ದನ್ನು ಹಿಡಿದು ಆ ಜಾಗಕ್ಕೆ ಹಾಕಬೇಕು, ರೂಮ್ ಟೋನ್ ಎನ್ನುತ್ತಾರೆ. ಏಸಿ ಆರಿಸಿದೆವು. “ನಾನು ಒಳಗೆ ನಿಲ್ಲಬಹುದಾ?” ಎಂದು ತಾಯಿ ಕೇಳಿದರು. ಉಸಿರಿನ ಸದ್ದು ಬಂದೀತು ಎಂದು ಇಂಜಿನಿಯರ್ ಹೇಳಲು ಹೊರಟವನು ನನ್ನ ಮುಖ ನೋಡಿ ಬಿಟ್ಟ. ಅವರು ಮೈಕಿನ ಎದುರು ಕೈಕಟ್ಟಿ ನಿಂತರು. ಕೆಂಪು ದೀಪ ಉರಿಯಿತು. ಏನೂ ಇಲ್ಲದ್ದನ್ನು ನಾವು ರೆಕಾರ್ಡ್ ಮಾಡಿದೆವು.

ಮದುವೆಯ ದಿನ ಸಂಜೆ ಸ್ಪೀಕರ್ ನೋಡಿಕೊಳ್ಳಲು ದಫ್ಫಿನವರು ಹೋದರು. ನಾನು ಅವರ ಓಮ್ನಿ ವ್ಯಾನಿನಲ್ಲಿ ಕಾಪುವರೆಗೆ ಹೋಗಿ ರಸ್ತೆಯಲ್ಲೇ ಉಳಿದೆ. ಪರ್ಕಳದ ಹುಡುಗಿಯೂ ಹಟ ಹಿಡಿದು ಬಂದಿದ್ದಳು. “ನನ್ನದು ಇಲ್ಲ ಅಂತ ನನ್ನ ಕಿವಿಯಿಂದಲೇ ಕೇಳಬೇಕು,” ಎಂದಿದ್ದಳು. ನಿಷೇಧವಿದ್ದ ನಾವಿಬ್ಬರೂ ಹಿಂದಿನ ಸೀಟಿನಲ್ಲಿ, ಮನೆಯ ಕಡೆಗೆ ಬೆನ್ನು ಮಾಡಿ ಕುಳಿತೆವು. ಕಿಟಕಿ ಇಳಿಸಿದ್ದೆವು. ದೂರದಲ್ಲಿ ಕಡಲು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು.

“ಟೀಚರ್, ನಮ್ಮಿಬ್ಬರಲ್ಲಿ ಯಾರಿಗೆ ಮೊದಲು ಆಗ್ತದೆ ನೋಡುವ,” ಎಂದಳು. ನಗಲು ಹೊರಟವಳು ಕಿವಿ ನಿಮಿರಿಸಿದಳು. ಸ್ಪೀಕರಿನಿಂದ ನನ್ನ ಸ್ವರ ಬಂದಿತ್ತು.

ನಾನಿಲ್ಲದ ಜಾಗದಲ್ಲಿ ನನ್ನ ಸ್ವರ ಹಾಡುವುದನ್ನು ಎಷ್ಟೋ ಸಲ ಕೇಳಿದ್ದೇನೆ, ಬಸ್ಸಿನಲ್ಲಿ, ಅಂಗಡಿಯಲ್ಲಿ. ಹೋಗಬಾರದ ಜಾಗದೊಳಗೆ ಅದು ನಿಂತಿರುವುದನ್ನು ಕೇಳಿದ್ದು ಅದೇ ಮೊದಲು. ದಫ್ಫು ಏರಿತು, ನಿಂತಿತು. ಹೆಸರು ಬಂತು. ಓಲುಲ್ಲ?

ಹುಡುಗಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಎಷ್ಟೋ ಹಾಡುಗಳಿಗೆ ಗೈಡ್ ಹೇಳಿದ ಬಾಯಿ, ತಾನಾಗಿ ತೆರೆಯಲಿತ್ತು. ನಾನು ಅವಳ ಕೈಗಳ ಮೇಲೆ ನನ್ನ ಕೈ ಒತ್ತಿ ಹಿಡಿದೆ. ಒಳಗಿನಿಂದ ಸದ್ದಿಲ್ಲ. ಆ ಖಾಲಿ ಕೋಣೆ ಮಾತ್ರ ಉಸಿರಾಡಿತು.

ಎರಡನೆಯ ಸಲ. ಓಲುಲ್ಲ?

“ಮುಲ್ಪ ಉಲ್ಲಳ್!”

ಆ ತಾಯಿ. ಇದ್ದೇನೆ ಎಂದಲ್ಲ, ಇಲ್ಲೇ ಇದ್ದಾಳೆ ಎಂದು. ಮೂವತ್ತು ವರ್ಷ ಎತ್ತಬಾರದೆಂದಿದ್ದ ವಿಷಯವನ್ನು ಅಂಗಳ ದಾಟಿ ರಸ್ತೆಗೆ ಕೇಳುವಂತೆ ಕೂಗಿದ್ದರು. ಹಿಂದೆಯೇ ಬೇರೆ ಹೆಂಗಸರು, ಒಬ್ಬರಾದ ಮೇಲೊಬ್ಬರು: “ಉಲ್ಲಳ್, ಉಲ್ಲಳ್.”

ರೆಕಾರ್ಡಿಂಗಿಗೆ ಏನು ಗೊತ್ತು? ಉತ್ತರ ಸಿಕ್ಕಿದ ಮೇಲೂ ನನ್ನ ಸ್ವರ ತಲೆಯೆತ್ತಿ, ಕಾದು, ಅದೇ ಸಮಾಧಾನದಿಂದ ಮೂರನೆಯ ಸಲ ಕರೆಯಿತು.

“ಕೇಳಿತು,” ಎಂದೆ ನಾನು, ವ್ಯಾನಿನೊಳಗೆ, ಗಟ್ಟಿಯಾಗಿ. “ಸಾಕು, ಕೇಳಿತು.”